ಬಿಲ್ಲಿಗೆ ಬಾರದ ಹೆಸರು

ರಕ್ತದೊತ್ತಡದ ಗುಳಿಗೆಯ ಪಟ್ಟಿಯನ್ನು ನೀವು ಎಂದಾದರೂ ನಿಧಾನವಾಗಿ ನೋಡಿದ್ದೀರಾ? ಒಡೆದ ಗೂಡುಗಳು ಕಳೆದ ದಿನಗಳು, ಉಬ್ಬಿದವು ಬರಲಿರುವ ದಿನಗಳು. ನನ್ನಂಥ ಗೃಹಿಣಿಗೆ ಅದೊಂದು ಬೆಳ್ಳಿಬಣ್ಣದ ಪಂಚಾಂಗ. ಖಾಲಿಯಾಗಬೇಕಿದ್ದ ದಿನವೂ ಪಟ್ಟಿ ಅರ್ಧ ಉಳಿದಿದ್ದನ್ನು ಕಂಡಾಗ, ನಮ್ಮ ಮನೆಯವರು ದಿನ ಬಿಟ್ಟು ದಿನ ನುಂಗುತ್ತಿದ್ದಾರೆಂದು ತಿಳಿಯಿತು.

"ಭಾಳ ತುಟ್ಟಿ ಆಗ್ಯಾವ. ಹೆಂಗೂ ನಡೀತೈತಿ ಬಿಡು," ಎಂದರು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಊರಿಗೆಲ್ಲ ಔಷಧ ಕಟ್ಟಿ ಕಳಿಸುವ ಮನುಷ್ಯ ತನ್ನ ಗುಳಿಗೆಯಲ್ಲಿ ಜಿಪುಣತನ ಮಾಡಿದರೆ ಏನೆನ್ನಲಿ!

ಬಿಲ್ಲು ಕೊಟ್ಟರೆ ಕಾರ್ಖಾನೆಯವರು ಕೆಲಸಗಾರರ ಔಷಧದ ಖರ್ಚನ್ನು ಮರಳಿಸುತ್ತಾರೆ. ಒಂದು ವರ್ಷದ ಬಿಲ್ಲುಗಳನ್ನು ದೇವರ ಮುಂದಿಟ್ಟು ನಮಸ್ಕರಿಸಿಯೇ ಕಳಿಸಿದ್ದೆ. ಅಷ್ಟೂ ತಿರುಗಿ ಬಂದವು. ವೈದ್ಯರ ಚೀಟಿಯಲ್ಲಿ ಇವರ ಹೆಸರು, ಬಿಲ್ಲುಗಳಲ್ಲಿ ನನ್ನದು! ತಿಂಗಳೊಳಗೆ ಸರಿಪಡಿಸದಿದ್ದರೆ ಹಣವಿಲ್ಲ.

ತಪ್ಪು ನನ್ನದೇ. ಕೋಠಿ ಬಜಾರಿನ ಔಷಧದಂಗಡಿಯಲ್ಲಿ ಹೆಸರು ಕೇಳಿದಾಗಲೆಲ್ಲ ನನ್ನದನ್ನೇ ಹೇಳಿದ್ದೆ. ಶಿವನ ಸಾವಿರ ನಾಮಗಳನ್ನು ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲೇ ಹೇಳಿ ಮುಗಿಸುವ ನಾನು, ಮದುವೆಯ ದಿನದ ನಂತರದ ಮೂವತ್ತು ವರ್ಷಗಳಲ್ಲಿ ಗಂಡನ ಒಂದೇ ಒಂದು ಹೆಸರನ್ನು ನಾಲಿಗೆಗೆ ತಂದವಳಲ್ಲ. ಕರೆದರೆ ದೇವರು ಹತ್ತಿರ ಬರುತ್ತಾನೆ ಎಂದೂ ನಂಬಿದ್ದೆ, ಕರೆದರೆ ಗಂಡನ ಆಯುಷ್ಯ ಕರಗುತ್ತದೆ ಎಂದೂ ನಂಬಿದ್ದೆ. ಎರಡನ್ನೂ ಅತ್ತೆಯೇ ಕಲಿಸಿದ್ದರಿಂದ ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡುವ ಗೋಜಿಗೆ ಹೋಗಿರಲಿಲ್ಲ. ಈಗ ನೋಡಿ, ಆಯುಷ್ಯಕ್ಕೆ ಕುತ್ತು ಬಂದದ್ದು ಹೆಸರು ಹೇಳದ್ದರಿಂದ.

ಮರುದಿನವೇ ಬಸ್ಸು ಹಿಡಿದು ಕೋಠಿಗೆ ಹೋದೆ. ಅಂಗಡಿಯವರು ಬೀದರಿನ ಕಡೆಯವರು.

"ಡಾಕ್ಟರ್ ಚೀಟಿ ನಕಲು ನನ್ನ ಕಡೆ ಐತ್ರಿ ಅಕ್ಕಾರ. ಪೇಶಂಟ್ ಹೆಸರು ಹೇಳ್ರಿ, ಹೊಂದಿದ್ರ ಸಿಕ್ಕಾ ಹೊಡದು ಬ್ಯಾರೆ ಬಿಲ್ ಕೊಡ್ತೀನಿ."

"ಬರದು ಕೊಡ್ಲೇನ್ರಿ?"

"ಬರಿಯೂದ್ಯಾಕ? ಮದುವ್ಯಾಗ ಒಡಪು ಹಾಕಿ ಹೇಳಿಲ್ಲೇನು? ಇಲ್ಲೂ ಒಂದು ಹಾಕ್ರಿ, ಕೇಳೋಣು!"

ನಮ್ಮ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಎರಡು ಸಾಲಿನ ಪದದೊಳಗೆ ಮಡಚಿಟ್ಟು ಹೇಳುತ್ತಾಳೆ. ಆ ಒಡಪಿಗೆ ಮಾತ್ರ ಅಪ್ಪಣೆಯುಂಟು. ಅವರು ತಮಾಷೆಗೆ ಅಂದದ್ದು ನನಗೆ ದೇವರೇ ತೆರೆದ ಕಿಂಡಿಯಂತೆ ಕಂಡಿತು. ಹಿಂದೆ ನಿಂತವರು ಗೊಣಗುತ್ತಿದ್ದರೂ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿಯೇ ಹೇಳಿದೆ:

"ಕೋಠಿ ಬಜಾರಿನಾಗ ಔಷಧದಂಗಡಿ ಸಾಲು,
ಸಂಗಪ್ಪನವರಿಗೆ ತಪ್ಪದಿರಲಿ ಗುಳಿಗಿ, ಹಾಲು."

ಬಿಲ್ಲು ಬರೆಯುವ ಹುಡುಗಿ ಚಪ್ಪಾಳೆ ತಟ್ಟಿದಳು. ಆಕಾಶ ಬೀಳಲಿಲ್ಲ. ಬಿದ್ದದ್ದು ಹನ್ನೆರಡು ಬಿಲ್ಲುಗಳ ಮೇಲೆ ಅಂಗಡಿಯ ಹನ್ನೆರಡು ಮುದ್ರೆ.

ಕಾರ್ಖಾನೆಯವರು ಈ ಸಲ ಮರುಮಾತಿಲ್ಲದೆ ತೆಗೆದುಕೊಂಡರು. ಹಣ ಮುಂದಿನ ಸಂಬಳದ ಜೊತೆಗಂತೆ. ಗೌರವವೆಂಬುದು ಮುಚ್ಚಿಟ್ಟ ಹೆಸರಿನಲ್ಲಿದೆಯೋ, ಆ ಹೆಸರಿನವರು ಚೆನ್ನಾಗಿರಲೆಂದು ಬಾಯಿ ಬಿಡುವುದರಲ್ಲಿದೆಯೋ, ಪಂಡಿತರು ಚರ್ಚಿಸಲಿ. ನನ್ನ ಮಟ್ಟಿಗೆ ಅದು ತೀರ್ಮಾನವಾಗಿದೆ.

ಮರುದಿನ ಉಪ್ಪಿಟ್ಟಿನ ತಟ್ಟೆ ಸರಿಸಿ ಏಳುತ್ತಿದ್ದ ಇವರು, "ಹಣ ಕೈಗೆ ಬರ್ಲಿ, ಆಮ್ಯಾಲೆ ದಿನಾ ತಗೋತೀನಿ," ಎಂದರು.

"ಸಂಗಪ್ಪನವರ, ಕುಂದರ್ರಿ," ಎಂದೆ.

ಬೆರಗಿನಿಂದ ಇವರ ಬಾಯಿ ತಾನಾಗಿ ತೆರೆಯಿತು. ಗುಳಿಗೆ ಹಾಕಿ ನೀರು ಕೊಟ್ಟೆ.