ಬೂಬಣ್ಣನ ಬಣ್ಣದ ಡಬ್ಬಿ

ಉದ್ಯಾವರದಲ್ಲಿ ಹೆದ್ದಾರಿಯ ಬದಿಗೆ ಬೂಬಣ್ಣನ ಗ್ಯಾರೇಜು ಇತ್ತು. ಗ್ಯಾರೇಜು ಎಂದರೆ ನಾಲ್ಕು ತೆಂಗಿನ ಕಂಬ, ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಹೊಯ್ಗೆಯ ನೆಲ. ೧೯೮೬ರ ಸೆಪ್ಟೆಂಬರಿನಲ್ಲಿ ನಾನು ಅಲ್ಲಿ ಎರಡು ದಿನ ಒಂದು ಮರದ ಸ್ಟೂಲಿನ ಮೇಲೆ ಕುಳಿತಿದ್ದೆ. ಕೆಲಸ ಕಲಿಯಲು ಅಲ್ಲ, ಬೂಬಣ್ಣ ಏನಾದರೂ ಕದಿಯುತ್ತಾರೋ ಎಂದು ಕಾಯಲು. ಆ ಸ್ಟೂಲು ನೆನಪಾದರೆ ಇವತ್ತಿಗೂ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ.

ನನ್ನನ್ನು ಕೂರಿಸಿದ್ದು ಓಸ್ವಾಲ್ಡ್. ಶಿರ್ವದವನು, ನನ್ನ ದೊಡ್ಡಮ್ಮನ ಮಗ, ಮಸ್ಕತ್ತಿನಲ್ಲಿ ಹತ್ತು ವರ್ಷದಿಂದ ಇದ್ದವನು. ಅವನು ಅಲ್ಲಿ ಯಾರೋ ಓಡಿಸಿ ಬಿಟ್ಟ ಜಪಾನಿನ ಒಂದು ಕೆಂಪು ಕಾರನ್ನು ಹಡಗಿನಲ್ಲಿ ಮುಂಬಯಿಗೆ ತರಿಸಿ, ಅಲ್ಲಿಂದ ಊರಿಗೆ ಓಡಿಸಿಕೊಂಡು ಬಂದಿದ್ದ. ಎರಡೇ ಸೀಟು, ನೆಲಕ್ಕೆ ತಾಗುವಷ್ಟು ತಗ್ಗು, ನಮ್ಮ ಊರಿನ ರಸ್ತೆಗೆ ಯಾವ ರೀತಿಯಲ್ಲೂ ಹೊಂದದ ವಸ್ತು. ಅದಕ್ಕೆ ಟರ್ಬೊ ಇತ್ತು. ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿ, ಆ ಚಕ್ರ ಇನ್ನೊಂದನ್ನು ತಿರುಗಿಸಿ, ಎಂಜಿನಿನ ಬಾಯಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಓಸ್ವಾಲ್ಡ್ ಇಗರ್ಜಿಯ ಅಂಗಳದಲ್ಲಿ ಅದರ ವಿಷಯ ಮಾತನಾಡುತ್ತಿದ್ದ ರೀತಿ ನೋಡಿದರೆ ಆ ಚಕ್ರವನ್ನು ಇವನೇ ಕಡೆದು ಮಾಡಿದ್ದು ಎಂದು ತಿಳಿಯಬೇಕು.

ಕಾರನ್ನು ಊರಿನಲ್ಲಿ ನನ್ನ ವಶಕ್ಕೆ ಬಿಟ್ಟು ಮಸ್ಕತ್ತಿಗೆ ಮರಳಿದ್ದ ಅವನು ಮೇ ತಿಂಗಳಲ್ಲಿ ಅಲ್ಲಿಂದ ನನಗೊಂದು ಕಾಗದ ಬರೆದ. ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಚೆನ್ನಾಗಿ ಎಣ್ಣೆ ಬಳಿ, ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು ಎಂದು. ನಮ್ಮ ಕಡೆ ಮಳೆಗೆ ಮೊದಲು ದೋಣಿಗಳನ್ನು ದಡಕ್ಕೆ ಎಳೆದು ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಾರೆ. ಲಾರಿಯವರೂ ಅದನ್ನೇ ಅಡಿಗೆ ಬಳಿಸುತ್ತಾರೆ. ನಾನು ಮಲ್ಪೆಯಿಂದ ಎರಡು ಡಬ್ಬಿ ತಂದು, ಕಾರಿನ ಅಡಿಗೆ ತೂರಿ, ಕಬ್ಬಿಣ ಯಾವುದು ರಬ್ಬರ್ ಯಾವುದು ನೋಡದೆ ಕೈಗೆ ಸಿಕ್ಕಿದ್ದಕ್ಕೆಲ್ಲ ಬಳಿದೆ. ವಾಂತಿ ಬರುವಂಥ ವಾಸನೆ. ಆದರೂ ಎರಡೆರಡು ಸಲ ಬಳಿದೆ, ಯಾಕೆಂದರೆ ಓಸ್ವಾಲ್ಡ್ ನನಗೆ ವೀಸಾ ಕೊಡಿಸುತ್ತೇನೆ ಎಂದಿದ್ದ. ಆ ಒಂದು ವೀಸಾಕ್ಕಾಗಿ ನಾನು ಆ ವರ್ಷ ಯಾವ ಕೊಳಕನ್ನೂ ಮೈಗೆ ಮೆತ್ತಿಕೊಳ್ಳಲು ತಯಾರಿದ್ದೆ.

ಸೆಪ್ಟೆಂಬರಿನಲ್ಲಿ ಅವನು ರಜೆಗೆ ಬಂದ. ಎಣ್ಣೆ ಬದಲಾಯಿಸಲು, ಬ್ರೇಕು ನೋಡಲು ಕಾರನ್ನು ಬೂಬಣ್ಣನಿಗೆ ಕೊಟ್ಟ. ಬೂಬಣ್ಣ ಮೀನು ಹಿಡಿಯುವ ಮೊಗವೀರರು. ಎಪ್ಪತ್ತರ ದಶಕವಿಡೀ ಮಲ್ಪೆಯ ಟ್ರಾಲರುಗಳಲ್ಲಿ ಎಂಜಿನ್ ನೋಡಿಕೊಂಡವರು, ಬೆನ್ನು ಸೋತ ಮೇಲೆ ದಡಕ್ಕೆ ಬಂದು ಗ್ಯಾರೇಜು ಹಾಕಿದವರು. ಕೆಲಸ ಮಾಡುವಾಗ ಮಾತಿಲ್ಲ. ಒಂದು ಮರದ ಕೋಲಿನ ತುದಿಯನ್ನು ಎಂಜಿನಿಗೆ, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿ ಕೇಳುವರು. ಎರಡು ದಿನವೂ ಅವರು ಟರ್ಬೊದ ಹತ್ತಿರ ಕೈ ಹಾಕಲಿಲ್ಲ. ಇದಕ್ಕೆ ಸಾಕ್ಷಿ ಬೇಕಿದ್ದರೆ ಸ್ಟೂಲಿನ ಮೇಲೆ ಕುಳಿತ ನಾನೊಬ್ಬನೇ.

ಮೂರನೆಯ ದಿನ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಕಾರು ಸೋತುಬಿಟ್ಟಿತು. ಎಷ್ಟು ಒತ್ತಿದರೂ ಓಟ ಇಲ್ಲ, ಹಿಂದೆ ಕಪ್ಪು ಹೊಗೆ, ಏರಿನಲ್ಲಿ ತುಂಬಿದ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು. ಓಸ್ವಾಲ್ಡನ ಮುಖ ಕಾರಿಗಿಂತ ಕೆಂಪಾಯಿತು. ಉಡುಪಿಯಲ್ಲಿ ಒಬ್ಬ ಮೆಕ್ಯಾನಿಕ್ ಬಾನೆಟ್ಟನ್ನು ಒಂದು ಗೇಣು ಎತ್ತಿ, ಒಳಗೆ ಇಣುಕಿ, "ನಿಮ್ಮ ಟರ್ಬೊ ಯಾರೋ ಬದಲಾಯಿಸಿದ್ದಾರೆ" ಎಂದ. ಯಾವುದಕ್ಕೆ ಬದಲಾಯಿಸುವುದು? ಇಡೀ ಜಿಲ್ಲೆಯಲ್ಲಿ ಅಂಥ ಕಾರು ಇದ್ದದ್ದೇ ಅದೊಂದು. ಇಷ್ಟು ಸಣ್ಣ ಯೋಚನೆ ಮಾಡುವ ವ್ಯವಧಾನ ಓಸ್ವಾಲ್ಡನಿಗೆ ಇರಲಿಲ್ಲ, ಹೇಳುವ ಧೈರ್ಯ ನನಗಿರಲಿಲ್ಲ.

ಅವನು ನೇರ ಉದ್ಯಾವರಕ್ಕೆ ಬಂದು ಕಾರಿನಿಂದ ಇಳಿಯುತ್ತಲೇ ಶುರು ಮಾಡಿದ. ಬೂಬಣ್ಣ ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರು.

"ನನ್ನ ಟರ್ಬೊ ಎಲ್ಲಿ? ಯಾರಿಗೆ ಮಾರಿದೆ ನೀನು?"

ಪಕ್ಕದ ಹೋಟೆಲಿನವರು, ಬಸ್ಸಿಗೆ ಕಾದವರು ಎಲ್ಲ ಸೇರಿದರು. ಓಸ್ವಾಲ್ಡ್ ಅವರ ಕಡೆ ತಿರುಗಿ, "ಮೀನಿನವರ ಕೈಗೆ ಕಾರು ಕೊಟ್ಟದ್ದು ನನ್ನದೇ ತಪ್ಪು" ಎಂದ. ಇವನ ಅಪ್ಪನ ಮನೆಯಲ್ಲಿ ಮೀನಿಲ್ಲದೆ ಒಂದು ಹೊತ್ತು ಊಟ ಇಳಿದದ್ದನ್ನು ನಾನು ನೋಡಿಲ್ಲ.

ಬೂಬಣ್ಣ ಕೈ ಒರೆಸಿಕೊಂಡರು. ನಮ್ಮ ಕ್ರೈಸ್ತರನ್ನು ಅವರು ಪೊರ್ಬುಗಳೇ ಎಂದು ಮರ್ಯಾದೆಯಿಂದಲೇ ಕರೆಯುವುದು. "ಪೊರ್ಬುಗಳೇ, ಕಳ್ಳ ಅಂತ ನನ್ನನ್ನು ಇಷ್ಟರವರೆಗೆ ಯಾರೂ ಹೇಳಲಿಲ್ಲ. ಇಲ್ಲಿ ಎಲ್ಲರೂ ಇದ್ದಾರೆ. ಇವರ ಎದುರೇ ನೋಡುವ. ಸಮುದ್ರದಲ್ಲಿ ಎಂಜಿನ್ ನಿಂತರೆ ಯಾರ ತಪ್ಪು ಅಂತ ಕೇಳಲಿಕ್ಕಿಲ್ಲ, ಎಲ್ಲಿ ತಪ್ಪು ಅಂತ ಹುಡುಕುವುದು."

ಮೊದಲು ಅವರು ಗಾಳಿಯ ಕೊಳವೆ ಬಿಚ್ಚಿ ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗಿತು. ಅಲುಗಾಟವಿಲ್ಲ, ಎಣ್ಣೆ ಸೋರಿಲ್ಲ. ಆಮೇಲೆ ಒಳಗಿನಿಂದ ಒಂದು ಮೀಟರು ತಂದರು. ಡಾಕ್ಟರರು ರಕ್ತದೊತ್ತಡ ನೋಡುವ ಮೀಟರು, ಮಣಿಪಾಲದ ಗುಜರಿಯಲ್ಲಿ ಸಿಕ್ಕಿದ್ದು. ಅದರ ರಬ್ಬರ್ ನಳಿಗೆಯನ್ನು ಟರ್ಬೊದಿಂದ ಹೊರಟ ಕೊಳವೆಗೆ ಜೋಡಿಸಿ, ಕಿಟಕಿಯಿಂದ ಒಳಗೆ ತಂದು ಮೀಟರನ್ನು ನನ್ನ ಕೈಗೆ ಕೊಟ್ಟರು.

"ನೀವು ಮುಳ್ಳು ನೋಡಿ. ಇನ್ನೂರೈವತ್ತು ದಾಟಬೇಕು."

ಕಾಪುವಿನ ಕಡೆಗೆ ಓಡಿಸಿದರು. ಎಷ್ಟು ಒತ್ತಿದರೂ ಮುಳ್ಳು ಅರುವತ್ತರಲ್ಲೇ ನಡುಗುತ್ತಿತ್ತು. ಕಾರು ತಿರುಗಿಸುವಾಗ ಬೂಬಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು, "ಎರಡು ದಿನ ನೀವು ಅಲ್ಲೇ ಇದ್ದಿರಿ ಅಲ್ವಾ. ನಾನು ಟರ್ಬೊ ಮುಟ್ಟಿದ್ದು ನೋಡಿದ್ದುಂಟಾ?"

"ಇಲ್ಲ."

"ಅಷ್ಟನ್ನು ಅಲ್ಲಿ ಅವರ ಎದುರು ಹೇಳಿ. ನನಗೆ ಬೇರೆ ಎಂತದೂ ಬೇಡ."

"ಹೇಳ್ತೇನೆ ಬೂಬಣ್ಣ."

ಗ್ಯಾರೇಜಿನ ಎದುರು ಇಳಿದಾಗ ಓಸ್ವಾಲ್ಡ್ ಕಂಕುಳಲ್ಲಿ ಚರ್ಮದ ಬ್ಯಾಗು ಒತ್ತಿಕೊಂಡು ನಿಂತಿದ್ದ. ನನ್ನ ಪಾಸ್‌ಪೋರ್ಟು ಆ ಬ್ಯಾಗಿನಲ್ಲಿತ್ತು. "ಎಂತ ಆಯ್ತು?" ಎಂದ. ನಾನು "ಅರುವತ್ತು" ಎಂದೆ. ಅಷ್ಟೇ. ಬೂಬಣ್ಣ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಓಸ್ವಾಲ್ಡನ ವಿದೇಶಿ ಬೂಟು ನೋಡುತ್ತ ನಿಂತೆ. ಎಂಥ ಹೇಡಿ ನಾನು.

ಅವರು ಮತ್ತೆ ಕೇಳಲಿಲ್ಲ. ಗಾಳಿ ಒಳಹೋಗುವ ಬಾಯಿಗೆ ಮರದ ಬಿರಡೆ ಜಡಿದು, ಅದರ ತೂತಿಗೆ ಸೈಕಲ್ ಟ್ಯೂಬಿನ ಮೂತಿ ಸೇರಿಸಿ ಪಂಪು ಹೊಡೆಸಿದರು. ಪಂಕ್ಚರ್ ನೋಡುವ ಹಾಗೆ ಕೊಳವೆಗಳಿಗೆ ಸಾಬೂನಿನ ನೀರು ಹಚ್ಚಿದರು. ಮೇಲೆಲ್ಲೂ ಗುಳ್ಳೆ ಬರಲಿಲ್ಲ. ಓಸ್ವಾಲ್ಡ್ ಮೂಗಿನಲ್ಲೇ ನಕ್ಕ. ಬೂಬಣ್ಣ ಗೋಣಿ ಹಾಸಿ ಕಾರಿನ ಅಡಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಡಿಯಿಂದಲೇ ಸುತ್ತ ನಿಂತವರನ್ನು ಕರೆದರು.

ಟರ್ಬೊದಿಂದ ಎಂಜಿನಿಗೆ ಹೋಗುವ ದಪ್ಪ ರಬ್ಬರ್ ಹೋಸು ಅಡಿಯಲ್ಲಿ ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಗಿತ್ತು. ಸುಮ್ಮನಿದ್ದಾಗ ಏನೂ ಕಾಣುವುದಿಲ್ಲ. ಗಾಳಿ ತುಂಬಿದರೆ ಉಬ್ಬಿ, ಅರ್ಧ ಗೇಣು ಉದ್ದದ ಸೀಳು ಬಾಯಿ ಬಿಡುತ್ತಿತ್ತು. ಟರ್ಬೊ ಒತ್ತಿದ ಗಾಳಿಯೆಲ್ಲ ಅಲ್ಲೇ ಹೊರಗೆ. ಬೂಬಣ್ಣ ಹೊರಬಂದು ಬೆರಳನ್ನು ಮೂಗಿಗೆ ಹಿಡಿದರು.

"ಬೂತಾಯಿ ಎಣ್ಣೆ. ಯಾರು ಮಾರಾಯ ರಬ್ಬರಿಗೆ ಇದನ್ನು ಬಳಿದದ್ದು? ಮರಕ್ಕೆ ಆಗ್ತದೆ, ಕಬ್ಬಿಣಕ್ಕೆ ಆಗ್ತದೆ. ರಬ್ಬರನ್ನು ಇದು ತಿಂದು ಹಾಕ್ತದೆ."

ಓಸ್ವಾಲ್ಡ್ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅವನು ಗಂಟಲು ಸರಿಮಾಡಿಕೊಂಡು, "ಹಾಗಾದರೆ ಬೇರೆ ಹೋಸು ಹಾಕು" ಎಂದ. ತಪ್ಪಾಯಿತು ಎಂಬ ಮಾತಿಲ್ಲ. ಬೂಬಣ್ಣ ಟ್ರಾಲರಿಗೆ ಹಾಕುವ ಬಟ್ಟೆಪದರದ ಹೋಸನ್ನು ಅಳತೆಗೆ ಕೊಯ್ದು ಹಾಕಿದರು. ಈ ಸಲ ಮುಳ್ಳು ಇನ್ನೂರೆಂಬತ್ತಕ್ಕೆ ಹಾರಿತು. ಓಸ್ವಾಲ್ಡ್ ಖುಷಿಯಲ್ಲಿ ವಿದೇಶಿ ಸಿಗರೇಟಿನ ಒಂದು ಪ್ಯಾಕೆಟನ್ನು ಬೂಬಣ್ಣನ ಕಡೆಗೆ ಎಸೆದ. ಅದು ಹೊಯ್ಗೆಯಲ್ಲಿ ಬಿತ್ತು, ಅವರು ಬಗ್ಗಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮುಂದಿನ ಭಾನುವಾರ ಪೂಜೆ ಬಿಟ್ಟ ಮೇಲೆ ಇಗರ್ಜಿಯ ಅಂಗಳದಲ್ಲಿ ಓಸ್ವಾಲ್ಡ್ ಹತ್ತು ಜನರ ನಡುವೆ ನಿಂತು ಹೇಳಿದ, "ಜೋರು ಮಾಡಿದ್ದೇ ತಡ, ಬೂಬ ಹೆದರಿ ಹಳೆಯ ಟರ್ಬೊವನ್ನೇ ವಾಪಸ್ಸು ಹಾಕಿದ. ಈಗ ನೋಡಿ ಹೇಗೆ ಓಡ್ತದೆ." ಕಾರು ಸರಿಯಾದದ್ದೇ ಕಳ್ಳತನಕ್ಕೆ ಸಾಕ್ಷಿಯಾಯಿತು. ಒಬ್ಬರು ನನ್ನ ಕಡೆ ತಿರುಗಿ, "ಹೌದಾ ಲಿಯೋನೆಲ್? ನೀನು ಅಲ್ಲಿದ್ದೆಯಲ್ಲ" ಎಂದರು. ನಾನು ನಕ್ಕೆ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಹಲ್ಲು ಬಿಟ್ಟೆ. ಆ ನಗುವಿಗಿಂತ ಅಸಹ್ಯವಾದದ್ದನ್ನು ನಾನು ಜೀವನದಲ್ಲಿ ಮಾಡಿಲ್ಲ. ಶಿರ್ವದಿಂದ ಬೂಬಣ್ಣನ ಗ್ಯಾರೇಜಿಗೆ ಹೋಗುತ್ತಿದ್ದ ಗಾಡಿಗಳು ಒಂದೊಂದಾಗಿ ನಿಂತವು. ಡಿಸೆಂಬರಿನಲ್ಲಿ ನನ್ನ ವೀಸಾ ಬಂತು.

೧೯೮೯ರಲ್ಲಿ ರಜೆಗೆ ಬಂದಾಗ ಒಂದು ಹಳೆಯ ಸ್ಕೂಟರು ಕೊಂಡೆ. ಅದು ಉದ್ಯಾವರದಲ್ಲೇ ಕೆಟ್ಟು ನಿಂತಿತು. ತಳ್ಳಿಕೊಂಡು ಬೂಬಣ್ಣನ ತಗಡಿನ ಕೆಳಗೆ ಹೋದೆ. ಅವರ ಕೂದಲು ಪೂರ್ತಿ ಬಿಳಿಯಾಗಿತ್ತು. ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ. ನನ್ನಿಂದ ಕಿಕ್ ಹೊಡೆಸಿ, ಕೋಲನ್ನು ಕಿವಿಗೆ ಇಟ್ಟು ಕೇಳಿ, "ಬಿಚ್ಚಬೇಕು" ಎಂದರು. ಒಳಗೆ ಹೋಗಿ ಹಳದಿ ಬಣ್ಣ ತುಂಬಿದ ಒಂದು ಸಣ್ಣ ಡಬ್ಬಿ, ಒಂದು ಬ್ರಶ್ಶು ತಂದರು.

"ಎಂತಕ್ಕೆ ಇದು ಬೂಬಣ್ಣ?"

"ಒಳಗಿನ ಸಾಮಾನಿಗೆಲ್ಲ ನೀವೇ ಒಂದೊಂದು ಗುರುತು ಹಾಕಿ. ಹೋಗುವಾಗ ಅದೇ ಸಾಮಾನು ಉಂಟಾ ಅಂತ ನೋಡಿಕೊಂಡು ಹೋಗಬಹುದು. ಮೂರು ವರ್ಷದಿಂದ ಎಲ್ಲರಿಗೂ ಹೀಗೆಯೇ."

ನಾನು ಬ್ರಶ್ಶು ಹಿಡಿದು ನಿಂತೆ. ಅವರು ಆ ಹಳೆಯ ಮರದ ಸ್ಟೂಲನ್ನು ಎಳೆದು ನನ್ನ ಕಾಲಿನ ಹತ್ತಿರ ಇಟ್ಟರು.

"ಕೂತುಕೊಳ್ಳಿ" ಎಂದರು. "ನಿಮಗೆ ಅಭ್ಯಾಸ ಉಂಟಲ್ಲ."