ಎರಡನೆಯ ಸಲವೂ ಅದೇ ಉತ್ತರ

ಮಕ್ಕಳ ಮನಸ್ಸಿನ ಒತ್ತಡ ಅಳೆಯುವ ಕೆಲಸ ನನಗೆ ಸಿಕ್ಕಿದ್ದು ಅಮೆರಿಕದ ಸರಟೋಗಾದ ಒಂದು ಮನೆಯಲ್ಲಿ, ಸತ್ಯನಾರಾಯಣ ಪೂಜೆಯ ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದಾಗ. ಮನೆಯೊಡತಿ ಬೆಂಗಳೂರಿನವರು, ಮನೋವೈದ್ಯೆ. ನಾನು ಮೈಸೂರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವಳೆಂದು ಕೇಳಿ, "ಮನೇಲಿ ಕೂತು ಏನ್ಮಾಡ್ತೀರ, ನನ್ನ ಸ್ಟಡಿಗೆ ಬನ್ರೀ" ಎಂದರು. ಅರಬ್ಬಿ ಮಾತನಾಡುವ ಮನೆಗಳ ಹದಿಹರೆಯದವರಿಗೆಂದು ಒಂದು ಪ್ರಶ್ನಾವಳಿ ಅರಬ್ಬಿಗೆ ಅನುವಾದವಾಗಿತ್ತು. ಅದು ಸರಿಯಾಗಿ ಅಳೆಯುತ್ತದೆಯೇ ಎಂದು ನೋಡಬೇಕಿತ್ತು. ನನಗೆ ಅರಬ್ಬಿಯ ಒಂದಕ್ಷರವೂ ಬಾರದು. ಬೇಕಾಗಿಯೂ ಇರಲಿಲ್ಲ. ಮಕ್ಕಳು ಯಾವ ಚೌಕದಲ್ಲಿ ಗುರುತು ಹಾಕಿದ್ದಾರೆಂದು ಎಣಿಸಿದರೆ ನನ್ನ ಕೆಲಸ ಮುಗಿಯುತ್ತಿತ್ತು.

ಅಭ್ಯಾಸವಾಗಲೆಂದು ಮೊದಲು ಅದರ ಇಂಗ್ಲಿಷ್ ಪ್ರತಿಯನ್ನು ನನ್ನ ಮಗಳ ಕೈಗೇ ಕೊಟ್ಟೆ. ಆಗ ಅವಳಿಗೆ ಹದಿನೈದು. ಎಲ್ಲ ಪ್ರಶ್ನೆಗೂ 'ಎಂದೂ ಇಲ್ಲ' ಎಂದು ಗೀಚಿ ಹಾಳೆಯನ್ನು ನನ್ನತ್ತ ತಳ್ಳಿದಳು.

"ಏನೇ ಇದು? ಹೋದ ವಾರ ರೂಮು ಬಾಗಿಲು ಹಾಕ್ಕೊಂಡು ಅಳ್ತಾ ಇದ್ದವಳು ಯಾರು?"

"ಯು ಆರ್ ಸ್ಟ್ಯಾಂಡಿಂಗ್ ರೈಟ್ ಹಿಯರ್, ಅಮ್ಮ," ಎಂದಳು.

ಚೆನ್ನಾಗಿ ಬೈದೆ. ಅವಳು ಹೇಳಿದ್ದು ಅರ್ಥವಾಗದೆ ಅಲ್ಲ, ಅರ್ಥವಾಗಿಯೇ ಬೈದೆ.

ಅಳತೆಯನ್ನು ನಂಬಬಹುದೇ ಎಂದು ತಿಳಿಯಲು ಒಂದು ಕ್ರಮವಿದೆ. ಅದೇ ಮಗುವಿಗೆ ಅದೇ ಪ್ರಶ್ನೆಗಳನ್ನು ಎರಡು ವಾರ ಬಿಟ್ಟು ಮತ್ತೆ ಕೊಡಬೇಕು. ಎರಡೂ ಸಲದ ಅಂಕ ಹತ್ತಿರ ಹತ್ತಿರ ಬಂದರೆ ಅಳತೆ ಗಟ್ಟಿ. ನಡುವೆ ಮನೆಯಲ್ಲಿ ದೊಡ್ಡದೇನಾದರೂ ನಡೆದಿದ್ದರೆ ಆ ಮಗುವನ್ನು ಈ ಲೆಕ್ಕದಿಂದ ಬಿಡಬೇಕು. ಇನ್ನೊಂದು ನಿಯಮವೂ ಇತ್ತು. ಅಂಕ ಒಂದು ಗಡಿ ದಾಟಿದರೆ ಅದೇ ವಾರ ಅರಬ್ಬಿ ಬಲ್ಲ ಆಪ್ತಸಮಾಲೋಚಕಿಯೊಬ್ಬರು ಆ ಮಗುವಿಗೆ ಫೋನ್ ಮಾಡಿ ಮಾತನಾಡುತ್ತಾರೆ. ಈ ಮಾತನ್ನು ಹಾಳೆಯ ಕೊನೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆವು.

ಮನೋವೈದ್ಯೆ ಮೇಡಂಗೆ ಈ ಲೆಕ್ಕಕ್ಕೆ ಮೂವತ್ತು ಮಕ್ಕಳು ಬೇಕಿದ್ದರು. ಇಪ್ಪತ್ತೊಂಬತ್ತು ಮಕ್ಕಳದು ಎರಡೂ ಸಲ ಮುಗಿದಿತ್ತು. ಮೂವತ್ತನೆಯವಳು ಯೂನಿಯನ್ ಸಿಟಿಯ ಹುಡುಗಿ, ಯೆಮೆನ್‌ನಿಂದ ಬಂದ ಮನೆಯವಳು, ನನ್ನ ಮಗಳದೇ ವಯಸ್ಸು. ನನ್ನೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದಳು, ಬಾಯಿ ತುಂಬ ಆಂಟಿ ಎನ್ನುತ್ತಿದ್ದಳು. ಮೊದಲ ಸಲ ಹೆಚ್ಚಿನವಕ್ಕೆ 'ಒಮ್ಮೊಮ್ಮೆ' ಎಂದು ಹಾಕಿ, ಗುರುತು ಚೌಕದ ಗೆರೆ ಮುಟ್ಟಿಲ್ಲವೆಂದು ನೋಡಿ ಖಾತ್ರಿ ಮಾಡಿಕೊಂಡೇ ಕೊಟ್ಟಿದ್ದಳು. ಎರಡನೆಯ ಸಲದ ದಿನ ಅವಳು ಬರಲೇ ಇಲ್ಲ.

ಅಂದು ಬೆಳಿಗ್ಗೆಯಷ್ಟೇ ಮೇಡಂ, "ಇಪ್ಪತ್ತೊಂಬತ್ತಕ್ಕೆ ತಂದು ನಿಲ್ಸಿದೀರಲ್ರೀ, ಇನ್ನೊಂದು ಆಗಲ್ವಾ?" ಎಂದಿದ್ದರು. ಹುಡುಗಿಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಎತ್ತಿ, ಅಪ್ಪ ಕೆಲಸದ ಜಾಗದಲ್ಲಿ ಬಿದ್ದು ತಲೆಯೊಳಗೆ ರಕ್ತಸ್ರಾವವಾಗಿದೆ, ಆಸ್ಪತ್ರೆಯಲ್ಲಿದ್ದೇವೆ ಎಂದಳು. ಅಯ್ಯೋ ಎಂದೆ. ಅದರ ಬೆನ್ನಿಗೇ, "ಹದಿನೈದು ನಿಮಿಷದ ಕೆಲಸ, ನಾನೇ ಅಲ್ಲಿಗೆ ಬರ್ತೀನಿ" ಎಂದೆ. ಅವಳನ್ನು ಬಿಟ್ಟುಬಿಡಬೇಕಾದ ಕಾರಣ ಆಗಲೇ ನನ್ನ ಕಿವಿಗೆ ಬಿದ್ದಾಗಿತ್ತು. ಆದರೆ ನನಗೆ ಮೇಡಂ ಬಾಯಿಂದ ಒಂದು ಭೇಷ್ ಬೇಕಿತ್ತು. ಅಷ್ಟೇ, ಅದಕ್ಕಿಂತ ದೊಡ್ಡದೇನೂ ಅಲ್ಲ.

ಆಸ್ಪತ್ರೆಯಲ್ಲಿ ಹೊರಗೆ ಕಾಯುವ ಕುರ್ಚಿಯಲ್ಲಿ ತಾಯಿಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಾಯಿ ಒಳಗಿದ್ದರು. ಹಾಳೆ ಕೊಟ್ಟರೆ ಮೊದಲು ಕೊನೆಯ ಸಾಲನ್ನೇ ಓದಿದಳು.

"ಜಾಸ್ತಿ ಬಂದರೆ ನಿಜವಾಗಿಯೂ ಫೋನ್ ಮಾಡ್ತಾರಾ ಆಂಟಿ?"

"ಮಾಡ್ತಾರೆ."

ತಲೆ ಬಗ್ಗಿಸಿ ಬರೆಯತೊಡಗಿದಳು. ಮೊದಲನೆಯದಕ್ಕೆ 'ಯಾವಾಗಲೂ', ಎರಡನೆಯದಕ್ಕೂ 'ಯಾವಾಗಲೂ', ಮೂರನೆಯದಕ್ಕೂ ಅದೇ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಮೂವತ್ತು ಕೈತಪ್ಪುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

"ಹೋದ ಸಲ ಹೀಗೆ ಹಾಕಿರಲಿಲ್ಲ ನೀನು."

"ಹೋದ ಸಲ ಅಪ್ಪ ಮನೇಲಿದ್ದರು."

"ಅದು ಸರಿ. ಆದರೆ ಇಷ್ಟೊಂದು ಬದಲಾದರೆ ನಿನ್ನ ಹಾಳೆ ಲೆಕ್ಕಕ್ಕೇ ಬರೋದಿಲ್ಲ. ಹೋದ ಸಲದ ಹಾಗೇ ಹಾಕಿಬಿಡು."

ಲೆಕ್ಕಕ್ಕೆ ಬರದಿದ್ದರೆ ಫೋನೂ ಬರುವುದಿಲ್ಲ, ನಾನು ಹೇಳಿದ ಹಾಗೆ ಹಾಕಿದರೆ ಬರುತ್ತದೆ ಎಂದು ಅವಳು ತಿಳಿದಳು. ಹಾಗೆ ತಿಳಿದಳೆಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು, ನಾನು ತಿದ್ದಲಿಲ್ಲ. ರಬ್ಬರಿದೆಯಾ ಎಂದು ಕೇಳಿದಳು. ನನ್ನ ಪೆನ್ಸಿಲ್ಲಿನ ಹಿಂದೆಯೇ ಇತ್ತು, ಕೊಟ್ಟೆ. ಮೂರನ್ನೂ ನೀಟಾಗಿ ಅಳಿಸಿ 'ಒಮ್ಮೊಮ್ಮೆ' ಎಂದು ಹಾಕಿದಳು. ಉಳಿದವಕ್ಕೂ ಹಳೆಯ ಉತ್ತರಗಳನ್ನು ನೆನೆನೆನೆದು ಹಾಕಿದಳು. ಮನೆಯಲ್ಲಿ ಈಚೆಗೆ ದೊಡ್ಡ ಘಟನೆಯೇನಾದರೂ ನಡೆದಿದೆಯೇ ಎಂಬ ಕಡೆಯ ಚೌಕ ನಾನು ತುಂಬುವಂಥದ್ದು. ಕಾರಿನಲ್ಲಿ ಕೂತು 'ಇಲ್ಲ' ಎಂದು ಬರೆದೆ.

ಮುಂದಿನ ವಾರ ಮೇಡಂ ಕಂಪ್ಯೂಟರಿನಲ್ಲಿ ಚುಕ್ಕೆಗಳ ನಕ್ಷೆ ತೋರಿಸಿದರು, ಒಂದು ಮಗುವಿಗೆ ಒಂದು ಚುಕ್ಕೆ, ಎರಡೂ ಸಲದ ಅಂಕ ಒಂದೇ ಆದರೆ ಅದು ನಡುವಿನ ಗೆರೆಯ ಮೇಲೆ ಬೀಳುತ್ತದೆ. "ನೋಡ್ರೀ, ಈ ಮೂವತ್ತನೇದು ಗೆರೆ ಮೇಲೇ ಕೂತಿದೆ. ಭೇಷ್ ಕಣ್ರೀ." ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಮನೆಗೆ ಹೋಗುವಾಗ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಒಂದು ತಿಂಗಳ ಮೇಲೆ ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಆಂಟಿ ಎಂದು ಯಾರೋ ಕರೆದರು. ಅವಳೇ. ತಾಯಿ ದೂರದಲ್ಲಿ ಸಾಮಾನಿನ ತಳ್ಳುಗಾಡಿ ಹಿಡಿದು ನಿಂತಿದ್ದರು, ಎತ್ತ ತಳ್ಳಬೇಕೆಂದು ತಿಳಿಯದವರ ಹಾಗೆ.

"ಅಪ್ಪ ಹೋಗಿಬಿಟ್ಟರು," ಎಂದಳು. ನಾನು ಏನೋ ಹೇಳಿದೆ, ಎಲ್ಲರೂ ಹೇಳುವಂಥದ್ದು. ಅವಳು ಕೇಳಿಸಿಕೊಂಡು, "ಯಾರೂ ಫೋನ್ ಮಾಡಲಿಲ್ಲ ಆಂಟಿ. ನೀವು ಹೇಳಿದ ಹಾಗೇ ಹಾಕಿದ್ದೆ" ಎಂದಳು. ದೂರಿನ ದನಿಯಲ್ಲ. ತನ್ನದೇ ಎಲ್ಲೋ ತಪ್ಪಾಗಿರಬೇಕು ಎಂಬ ದನಿ. "ಇನ್ನೊಂದು ಸಲ ಕೊಡ್ತೀರಾ? ಈ ಸಲ ಇದ್ದದ್ದು ಇದ್ದ ಹಾಗೇ ಬರೀತೀನಿ."

ಸಮಾಲೋಚಕಿಗೆ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವರು ಯಾಕೆಂದು ಕೇಳುತ್ತಿದ್ದರು, ಮೇಡಂಗೂ ತಿಳಿಯುತ್ತಿತ್ತು, ನನ್ನ ಮೂವತ್ತು ಮತ್ತೆ ಇಪ್ಪತ್ತೊಂಬತ್ತಾಗುತ್ತಿತ್ತು.

"ಸ್ಟಡಿ ಮುಗೀತಮ್ಮ. ಹಾಳೆಗಳೆಲ್ಲ ಖಾಲಿಯಾದವು," ಎಂದೆ.

ಅವಳ ಕಣ್ಣು ನನ್ನ ಭುಜ ದಾಟಿ ಹೋಯಿತು. ನನ್ನ ಕಾರಿನ ಹಿಂದಿನ ಸೀಟಿನ ಮೇಲೆ ಬರೆಯದ ಹಾಳೆಗಳ ಕಟ್ಟು ಹಾಗೇ ಬಿದ್ದಿತ್ತು, ಅರಬ್ಬಿ ಅಕ್ಷರ ಮೇಲಾಗಿ. ಅವಳು ಅದನ್ನು ಓದುವಷ್ಟು ಹೊತ್ತು ನಿಂತಿದ್ದಳು. ಆಮೇಲೆ ಥ್ಯಾಂಕ್ಯೂ ಆಂಟಿ ಎಂದು ಹೇಳಿ, ತಾಯಿಯ ಕೈಯಿಂದ ಗಾಡಿ ತೆಗೆದುಕೊಂಡು ಹೋದಳು.