ಎಡತೋಳಿನ ತೇಪೆಗಳು

ಬ್ಯಾಟರಿ ಕಾರ್ಖಾನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಯಾರನ್ನು ಕರೆಯುತ್ತಿದ್ದಾರೋ ಎಂದು ಆಕೆಯೇ ಅತ್ತಿತ್ತ ನೋಡುತ್ತಿದ್ದಳು.

ಆ ಕಾರ್ಖಾನೆಯ ನೀಲಿ ಕೋಟುಗಳು ಗೇಟು ದಾಟುವಂತಿರಲಿಲ್ಲ. ಕೋಟಿನ ಮೇಲೆ ಕೂತ ಸೀಸದ ಧೂಳು ಮನೆಗೆ ಹೋಗಿ ಮಕ್ಕಳ ಹೊಟ್ಟೆ ಸೇರುತ್ತದೆ, ಆದ್ದರಿಂದ ಕೋಟು ಅಲ್ಲೇ ಬಿಚ್ಚಬೇಕು, ಅಲ್ಲೇ ಒಗೆಯಬೇಕು ಎಂದು ಕಾನೂನು. ಒಗೆದ ನೀರೂ ಚರಂಡಿಗೆ ಬೀಳಬಾರದು. ಹಿಂದಿನ ತೊಟ್ಟಿಗೆ ಹೋಗಿ ಕೆಸರು ತಳ ಸೇರಿದ ಮೇಲೇ ಮುಂದಿನ ಮಾತು. ಈ ಎರಡು ನಿಯಮಗಳನ್ನು ಸೂಜಿಯಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಒಮ್ಮೆ ಆಸಿಡ್ ವಿಭಾಗದ ಸೂಪರ್‌ವೈಸರ್ ಕೋಟು ತೊಟ್ಟುಕೊಂಡೇ ಸ್ಕೂಟರ್ ಹತ್ತಿದಾಗ, ಗೇಟಿನಲ್ಲಿ ಅಡ್ಡ ನಿಂತು ಕೈ ಚಾಚಿದವಳು ಅವನು ಅದನ್ನು ಬಿಚ್ಚಿಕೊಡುವವರೆಗೂ ಅಲುಗಲಿಲ್ಲ. ಸೂಪರ್‌ವೈಸರ್ ಅದನ್ನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಸೂಜಿ ಹಿಡಿದದ್ದು ಮಾತ್ರ ಕಾನೂನಿಗಾಗಿ ಅಲ್ಲ, ಮಾನಕ್ಕಾಗಿ. ಆಸಿಡ್ ಬಟ್ಟೆಯ ಮೇಲೆ ಬಿದ್ದ ಗಳಿಗೆಯಲ್ಲಿ ಏನೂ ಕಾಣುವುದಿಲ್ಲ. ಕೋಟು ಒಗೆಯುವ ಮಷೀನಿಗೆ ನೆಟ್ಟಗೇ ಹೋಗುತ್ತದೆ, ಹೊರಗೆ ಬರುವಾಗ ತೂತಾಗಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅಂಥ ಆರು ಕೋಟು ಬಂದಾಗ, “ಇವಳು ಒಗೀತಾಳೋ ಹರೀತಾಳೋ” ಎಂದು ಅಂದಿನ ಮ್ಯಾನೇಜರ್ ನಾಲ್ಕು ಜನರ ಮುಂದೆ ಅಂದುಬಿಟ್ಟ. ಆಸಿಡ್ ಎಂದು ಹೇಳಲು ಆಗ ಆಕೆಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಹೇಳುವ ಹೊತ್ತು ಮೀರಿತ್ತು. ಅಂದಿನಿಂದ ಒಂದು ತೂತೂ ಆ ಕೋಣೆಯಿಂದ ಹೊರಗೆ ಹೋಗಲಿಲ್ಲ. ಹಳೆಯ ಕೋಟಿನ ತುಂಡನ್ನು ಒಳಗಿನಿಂದ ಕೊಟ್ಟು, ಅಂಚುಗಳನ್ನು ಎಳೆಗೆ ಎಳೆ ಸೇರಿಸಿ, ಹೊರಗಿನಿಂದ ಹುಡುಕಿದರೂ ಸಿಗದಂತೆ ಹೊಲಿಯುತ್ತಿದ್ದಳು. ಹೊಗಳುವವರು ಯಾರೂ ಇರಲಿಲ್ಲ. ಕೆಲಸ ಚೆನ್ನಾಗಿದ್ದಷ್ಟೂ ಅದು ಕಾಣದಿದ್ದರೆ ಯಾರು ತಾನೆ ಹೊಗಳಿಯಾರು?

ಆಕೆಯ ತಮ್ಮ ಅದೇ ಕಾರ್ಖಾನೆಯಲ್ಲಿ, ಬ್ಯಾಟರಿಗಳಿಗೆ ಆಸಿಡ್ ತುಂಬುವ ನಾಲ್ಕನೇ ಕಟ್ಟೆಯಲ್ಲಿದ್ದ. ಅವನನ್ನು ಸೇರಿಸಿದವಳೂ ಆಕೆಯೇ. ಒಂದು ವರ್ಷ ಆ ಕಟ್ಟೆಯವರ ಕೋಟುಗಳಲ್ಲಿ ತೂತುಗಳು ಒಂದೇ ಕಡೆ ಬರತೊಡಗಿದವು: ಎಡತೋಳು, ಮಣಿಕಟ್ಟಿಗೂ ಮೊಣಕೈಗೂ ನಡುವೆ. ಮೊದಲ ತಿಂಗಳು ಎರಡು, ಆಮೇಲೆ ಮೂರು. ಊಟದ ಬಿಡುವಿನಲ್ಲಿ ತಮ್ಮನನ್ನು ಕೇಳಿದಳು.

“ಅದಾ? ಪೈಪಿನ ಜಾಯಿಂಟ್ ಸಡಿಲ ಆಗಿದೆ. ಸ್ವಲ್ಪ ಚಿಮ್ಮುತ್ತೆ, ಅಷ್ಟೇ. ಸೂಪರ್‌ವೈಸರ್‌ಗೆ ಹೇಳಿದ್ವಿ, ತಂತಿ ಸುತ್ತಿದಾನೆ.”

“ಬರೆದುಕೊಟ್ರಾ?”

“ಬರೆದು ಯಾರಿಗೆ ಕೊಡೋದು? ಅವನಿಗೇ ತಾನೆ.”

ಸೂಜಿಯಕ್ಕ ತನಗೆ ಗೊತ್ತಿದ್ದ ಪರಿಹಾರ ಮಾಡಿದಳು. ನಾಲ್ಕನೇ ಕಟ್ಟೆಯವರ ಎಡತೋಳಿಗೆ ಅಂದಿನಿಂದ ಎರಡು ಪದರದ ತೇಪೆ ಕೊಡತೊಡಗಿದಳು.

ಎಂಟನೇ ತಿಂಗಳು, ಒಂದು ಮಂಗಳವಾರ ಬೆಳಗ್ಗೆ ಹತ್ತೂವರೆಗೆ, ಆ ಜಾಯಿಂಟ್ ಕಳಚಿತು. ತಮ್ಮ ಬೆವರು ಒರೆಸಲು ರಕ್ಷಣೆಯ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದ್ದ. ಎಡಗಣ್ಣು ಹೋಯಿತು. ಪಕ್ಕದಲ್ಲೇ ಇದ್ದ ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬಂದದ್ದರಿಂದ ಬಲಗಣ್ಣು ಉಳಿಯಿತು.

ಅಂದು ಸಂಜೆಯೊಳಗೆ ಹೊಸ ಜಾಯಿಂಟ್ ಬಂದು ಕೂತಿತು, ಹಳೆಯದು ಗುಜರಿ ಸೇರಿತು. ವರದಿಯಲ್ಲಿ ಸೂಪರ್‌ವೈಸರ್ ಬರೆದದ್ದು ಎರಡೇ ಸಾಲು: ಕಾರ್ಮಿಕ ಕನ್ನಡಕ ತೆಗೆದಿದ್ದ, ಸ್ವಂತ ಅಜಾಗರೂಕತೆ. ಈ ಮಾತು ವಿಚಾರಣೆಯಲ್ಲಿ ನಿಂತರೆ ತಮ್ಮನ ಕೆಲಸ ಹೋದಂತೆಯೇ. ಒಂದು ಕಣ್ಣಿನವನನ್ನು, ಅದೂ ಅಜಾಗರೂಕ ಎಂಬ ಹಣೆಪಟ್ಟಿ ಹೊತ್ತವನನ್ನು, ಬೇರೆ ಯಾವ ಕಾರ್ಖಾನೆಯೂ ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ನಾಲ್ಕನೇ ಕಟ್ಟೆಯ ಉಳಿದವರ ಬಾಯಿಗೆ ಬೀಗ ಬಿದ್ದಿತ್ತು. ಅವರಿಗೂ ಮನೆ ಮಠ ಇತ್ತು.

ಹತ್ತು ದಿನ ಬಿಟ್ಟು ಸರ್ಕಾರದ ಇನ್ಸ್‌ಪೆಕ್ಟರ್ ಬಂದರು. ಕುಳ್ಳಗಿನ ಹೆಂಗಸು, ಹೆಚ್ಚು ಮಾತಿಲ್ಲ, ಪೆನ್ನು ಕಿವಿಯ ಮೇಲೆ. ಕಟ್ಟೆ ನೋಡಿದರು, ರಿಜಿಸ್ಟರ್ ನೋಡಿದರು, ಕೊನೆಗೆ ನೀರಿನ ತೊಟ್ಟಿ ನೋಡಲು ಒಗೆಯುವ ಕೋಣೆಗೆ ಬಂದರು. ಹಿಂದೆಯೇ ಮ್ಯಾನೇಜರ್, ಅವನ ಹಿಂದೆ ಸೂಪರ್‌ವೈಸರ್. ತೊಟ್ಟಿ ಸರಿಯಾಗಿತ್ತು. ವಾಪಸು ಹೋಗುವಾಗ ಇನ್ಸ್‌ಪೆಕ್ಟರ್ ಸಾಲಾಗಿ ತೂಗುಹಾಕಿದ್ದ ಕೋಟುಗಳ ಮುಂದೆ ನಿಂತು ಒಂದರ ತೋಳನ್ನು ಬೆರಳಲ್ಲಿ ಸವರಿದರು.

“ಇಷ್ಟು ಚೆನ್ನಾಗಿಟ್ಟ ಕೋಟು ನಾನು ಎಲ್ಲೂ ನೋಡಿಲ್ಲ,” ಅಂದರು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಹೊಗಳಿಕೆ ಅದು. ಸೂಜಿಯಕ್ಕನ ಮುಖ ಅರಳಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಮ್ಮನ ಕಣ್ಣು ಆ ಅರೆಗಳಿಗೆ ಆಕೆಗೆ ಮರೆತೇ ಹೋಗಿತ್ತು.

“ಅದನ್ನೇ ನಾನು ಹೇಳ್ತಿರೋದು ಮೇಡಂ,” ಎಂದ ಮ್ಯಾನೇಜರ್. “ಆಸಿಡ್ ಚಿಮ್ಮುತ್ತಿದ್ರೆ ಕೋಟು ಹೀಗಿರುತ್ತಾ? ಒಂದು ತೂತು ತೋರಿಸಿ ನೋಡೋಣ.”

ಇನ್ಸ್‌ಪೆಕ್ಟರ್ ಕಿವಿಯ ಮೇಲಿನ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ತನ್ನ ಕೈಯಾರೆ ತಾನು ತಿಪ್ಪೆ ಸಾರಿಸಿಟ್ಟಿದ್ದೇನೆ ಎಂದು ಸೂಜಿಯಕ್ಕನಿಗೆ ಅರ್ಥವಾಗಲು ಆ ಪೆನ್ನು ಅರ್ಧ ಸಾಲು ಓಡುವಷ್ಟು ಹೊತ್ತು ಹಿಡಿಯಿತು. ಆಮೇಲೆ ಆಕೆ ಒಂದು ಕೋಟನ್ನು ಕೊಕ್ಕೆಯಿಂದ ಇಳಿಸಿ ತೋಳನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಹರಡಿದಳು.

“ತೂತಿದೆ ಮೇಡಂ. ನಾನು ಮುಚ್ಚಿದೀನಿ.”

“ಮಷೀನಿಗೆ ಸಿಕ್ಕಿ ಹರಿದಿರುತ್ತೆ,” ಎಂದ ಸೂಪರ್‌ವೈಸರ್.

“ಮಷೀನಿಗೆ ಎಡಗೈ ಬಲಗೈ ಗೊತ್ತಾಗಲ್ಲ,” ಎಂದಳು ಸೂಜಿಯಕ್ಕ. “ನಾಲ್ಕನೇ ಕಟ್ಟೆಯ ಕೋಟು ಹನ್ನೊಂದಿವೆ. ಅಷ್ಟಕ್ಕೂ ಎಡತೋಳಿಗೇ ತೇಪೆ.”

ಇನ್ಸ್‌ಪೆಕ್ಟರ್ ತೇಪೆಯನ್ನು ಬೆಳಕಿಗೆ ಹಿಡಿದು ನೋಡಿದರು. “ತೇಪೆ ನೋಡಿದ್ರೆ ತೇಪೆಯಷ್ಟೇ ಕಾಣುತ್ತಮ್ಮ. ಅಡಿಯಲ್ಲಿ ಏನಿದೆ ಅಂತ ನಾನು ಹೇಗೆ ಬರೀಲಿ?”

ಸೂಜಿಯಕ್ಕ ಸ್ಟೂಲು ಎಳೆದುಕೊಂಡು ಕೂತಳು. ಸಣ್ಣ ಕತ್ತರಿ ತೆಗೆದುಕೊಂಡು ಬಿಚ್ಚತೊಡಗಿದಳು. ಮೊದಲ ತೇಪೆಯಲ್ಲಿ ತನ್ನ ಹೊಲಿಗೆಯ ತುದಿ ತನಗೇ ಸಿಗಲಿಲ್ಲ. ಸಿಕ್ಕ ಮೇಲೆ ದಾರ ಸಲೀಸಾಗಿ ಬಂತು. ಅಡಿಯಲ್ಲಿದ್ದ ತೂತಿನ ಅಂಚು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಹರಿದ ಬಟ್ಟೆ ಹಾಗಿರುವುದಿಲ್ಲ, ಅದರಲ್ಲಿ ಎಳೆ ಜೋತಾಡುತ್ತದೆ. ಊಟದ ಬಿಡುವು ಬಂತು, ಹೋಯಿತು. ಮ್ಯಾನೇಜರ್‌ಗೆ ಎರಡು ಸಲ ಫೋನ್ ಬಂತು, ಅವನು ಎತ್ತಲಿಲ್ಲ. ಮೂರು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ಹನ್ನೊಂದು ಎಡತೋಳುಗಳು, ಇಪ್ಪತ್ತೇಳು ತೂತುಗಳು.

“ಯಾವಾಗಿಂದ ಇದು?” ಎಂದರು ಇನ್ಸ್‌ಪೆಕ್ಟರ್.

ಆಕೆ ಕಿತ್ತ ದಾರಗಳನ್ನು ಎರಡು ಗುಂಪು ಮಾಡಿದ್ದಳು, ಒಂದು ನೀಲಿ, ಒಂದು ಕಂದು. “ನೀಲಿ ಉಂಡೆ ಮುಗಿದಾಗ ಸ್ಟೋರಿನಲ್ಲಿ ನೀಲಿ ಇರಲಿಲ್ಲ, ಕಂದು ಕೊಟ್ರು, ಹೊರಗೆ ಕಾಣದ ಹಾಗೆ ಒಳಗಿಂದಲೇ ಹೊಲಿದೆ. ಆ ತಾರೀಕು ಸ್ಟೋರಿನವನ ಪುಸ್ತಕದಲ್ಲಿದೆ. ಏಳು ತೂತಿಗೆ ನೀಲಿ ದಾರ ಇದೆ ನೋಡಿ, ಅವು ಅದಕ್ಕೂ ಮುಂಚಿನವು.”

ಪುಸ್ತಕ ತರಿಸಿದರು. ಕಂದು ದಾರ ಕೊಟ್ಟು ಐದು ತಿಂಗಳು ದಾಟಿತ್ತು. ಇನ್ಸ್‌ಪೆಕ್ಟರ್ ಮೊದಲು ಬರೆದಿದ್ದ ಸಾಲನ್ನು ಹೊಡೆದುಹಾಕಿದರು.

ತಮ್ಮನ ಕೆಲಸ ಉಳಿಯಿತು. ಆಸಿಡ್ಡಿನಿಂದ ದೂರ, ಲೇಬಲ್ ಹಚ್ಚುವಲ್ಲಿಗೆ ಹಾಕಿದರು. ಸೂಪರ್‌ವೈಸರ್ ಇನ್ನೆಲ್ಲಿಗೋ ವರ್ಗವಾಗಿ ಹೋದ. ಸೂಜಿಯಕ್ಕನಿಗೆ ಬಂದದ್ದು ಒಂದು ಹೊಸ ನಿಯಮ: ತೂತಾದ ಕೋಟನ್ನು ಹೊಲಿಯಬಾರದು; ತೂತಿನ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮ್ಯಾನೇಜರ್ ಬಾಗಿಲ ಪಕ್ಕದ ಕೊಕ್ಕೆಗೆ ತೂಗುಹಾಕಬೇಕು. ಮೊದಲ ಕೋಟನ್ನು ತೂಗುಹಾಕಿದ ದಿನ ಕಾರ್ಖಾನೆಯವರೆಲ್ಲ ತನ್ನ ಕೋಣೆಯ ತೂತು ನೋಡುತ್ತಿದ್ದಾರೆ ಎಂದು ಆಕೆಗೆ ನಾಚಿಕೆ. ಕೆಲಸಗಾರರು, “ಅಕ್ಕನ ಹೆಸರು ಇನ್ಮೇಲೆ ಸೀಮೆಸುಣ್ಣದಕ್ಕ” ಎಂದು ನಕ್ಕರು. ಆಕೆ ನಗಲಿಲ್ಲ.

ತಮ್ಮ ಅಕ್ಕನ ಮನೆಯಲ್ಲೇ ಇದ್ದ. ದಿನಕ್ಕೆ ಮೂರು ಸಲ ಆಕೆಯೇ ಅವನ ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಕೆಲಸ ಉಳಿಸಿದ್ದಕ್ಕೆ ಅವನು ಒಂದು ಮಾತು ಹೇಳಿಯಾನು ಎಂದು ಕಾದಳು. ಒಂದು ದಿನ ಅವನು ಹೇಳಿದ ಮಾತು ಬೇರೆ.

“ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ನೀನು ಹೊಲಿದೆ, ನಾನು ಹಾಕ್ಕೊಂಡೆ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಆಕೆಗೆ ಸುಲಭವಾಗುತ್ತಿತ್ತು. ಔಷಧಿಯ ಬಾಟಲಿಯ ಮುಚ್ಚಳ ಹಾಕಿ ಎದ್ದುಹೋದಳು. ಆಮೇಲೆ ಎರಡು ತಿಂಗಳು ಮನೆಯಲ್ಲೂ ಸೂಜಿ ಮುಟ್ಟಲಿಲ್ಲ. ಗುಂಡಿ ಕಿತ್ತುಹೋದ ರವಿಕೆಗೆ ಪಿನ್ನು ಚುಚ್ಚಿಕೊಂಡು ಓಡಾಡಿದಳು.

ಒಂದು ಭಾನುವಾರ ತಮ್ಮ ತನ್ನ ಅಂಗಿಯನ್ನು ತಂದು ಆಕೆಯ ಮಡಿಲಿಗೆ ಹಾಕಿದ. ತೋಳು ಬೆರಳುದ್ದ ಹರಿದಿತ್ತು.

“ಆಸಿಡ್ ಅಲ್ಲ, ಮೊಳೆಗೆ ಸಿಕ್ಕಿದ್ದು. ಹೊಲಿ ಅಕ್ಕ.”

ಆಕೆ ಹರಿದ ಅಂಚನ್ನು ನೋಡಿದಳು. ಎಳೆ ಜೋತಾಡುತ್ತಿತ್ತು, ಅವನು ಹೇಳಿದ್ದು ನಿಜ. ಡಬ್ಬಿ ತೆರೆದು ಸೂಜಿ ತೆಗೆದಳು. ದಾರ ಪೋಣಿಸಲು ಹೋದವಳು ಅಲ್ಲಿಗೇ ನಿಲ್ಲಿಸಿದಳು.

“ಆ ಮೊಳೆ ಎಲ್ಲಿದೆ?”

“ಫ್ಯಾಕ್ಟರಿಯ ಬಟ್ಟೆ ಬದಲಾಯಿಸೋ ರೂಮಿನ ಬಾಗಿಲಲ್ಲಿ. ಒಳಗಡೆ, ಕಣ್ಣಿನ ಎತ್ತರಕ್ಕೆ.”

ಸೂಜಿಯಕ್ಕ ಸೂಜಿಯನ್ನು ಡಬ್ಬಿಗೆ ಹಾಕಿ, ಅಂಗಿಯನ್ನು ಮಡಿಸಿ, ಮ್ಯಾನೇಜರ್ ಬಾಗಿಲ ಕೊಕ್ಕೆಗೆಂದು ನಾಳೆಯ ಚೀಲದಲ್ಲಿ ಇಟ್ಟುಕೊಂಡಳು.

“ಮೊದಲು ಅದನ್ನು ಕೀಳಲಿ,” ಅಂದಳು. “ಆಮೇಲೆ ಹೊಲಿದುಕೊಡ್ತೀನಿ.”